ದವಡೆ ಶಕುನ

ಸಿಂದಗಿಯ ವಾಗ್ದೇವಿ ಟೈಪಿಂಗ್ ಇನ್‌ಸ್ಟಿಟ್ಯೂಟಿನ ಮಾಲೀಕ, ಪ್ರಾಚಾರ್ಯ ಮತ್ತು ಇದ್ದೊಬ್ಬ ಮಾಸ್ತರನಾದ ಗುರಲಿಂಗಪ್ಪ ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ ಹಲ್ಲಿಗೆ ತಂತಿ ಬಿಗಿಸಿಕೊಂಡ. ತಪ್ಪು ಯಾರದು ಎಂದು ಕೇಳಿದರೆ ಫೋಟೋಗ್ರಾಫರ್ ಕಾಸಿಂಸಾಬನದು. ಕಾಸಿಂಸಾಬ ಇದನ್ನು ಇವತ್ತಿಗೂ ಒಪ್ಪುವುದಿಲ್ಲ, ಅದು ಬೇರೆ ಮಾತು.

ಎರಡು ಸಾವಿರನೇ ಇಸವಿ ಇನ್ನೇನು ಬಂತು ಎನ್ನುತ್ತಿದ್ದ ಕಾಲ. ಇನ್‌ಸ್ಟಿಟ್ಯೂಟಿಗೆ ಹತ್ತು ವರ್ಷ ತುಂಬಿದ ನೆನಪಿಗೆ ಒಂದು ಗ್ರೂಪ್ ಫೋಟೋ ಇರಲಿ ಎಂದು ಗುರಲಿಂಗಪ್ಪ ತನ್ನ ಇಪ್ಪತ್ತೆರಡು ವಿದ್ಯಾರ್ಥಿಗಳನ್ನು ಮನೆಯ ಮುಂದಿನ ಬೇವಿನ ಗಿಡದ ಕೆಳಗೆ ನಿಲ್ಲಿಸಿ, ತಾನು ನಡುವೆ ಕುರ್ಚಿ ಹಾಕಿಕೊಂಡು ಕುಳಿತ. ಇಸ್ತ್ರಿ ಮಾಡಿದ ಸಫಾರಿ, ತೊಡೆಯ ಮೇಲೆ ದಪ್ಪನೆಯ ಡಿಕ್ಷನರಿ. ಕಾಸಿಂಸಾಬ ಕ್ಯಾಮರಾಕ್ಕೆ ಕಣ್ಣು ಹಚ್ಚಿ ನೋಡಿದ. ಆಮೇಲೆ ತಲೆ ಎತ್ತಿದ.

“ಮಾಸ್ತರ, ಸ್ವಲ್ಪ ಬಾಯಿ ಮುಚ್ಚರಿ.”

“ಮುಚ್ಚೇನಲ್ಲ,” ಎಂದ ಗುರಲಿಂಗಪ್ಪ.

ಕಾಸಿಂಸಾಬ ಮತ್ತೆ ಕ್ಯಾಮರಾದೊಳಗೆ ನೋಡಿದ. “ಇಲ್ರಿ ಮಾಸ್ತರ, ಇನ್ನಾ ತೆರದೈತಿ.”

“ಏ, ಮುಚ್ಚೇನಿ ಅಂದ್ನೆಲ್ಲೋ.”

ಇಬ್ಬರೂ ಖರೆಯನ್ನೇ ಹೇಳುತ್ತಿದ್ದರು. ತುಟಿಗಳು ತಮ್ಮ ಕೈಲಾದಷ್ಟು ಮುಚ್ಚಿದ್ದವು. ಮೇಲಿನ ನಾಲ್ಕು ಹಲ್ಲುಗಳು ಮಾತ್ರ, ಅಜ್ಜ ಮುತ್ತಜ್ಜರ ಕಾಲದಿಂದ ಆ ಮನೆತನದಲ್ಲಿ ನಡೆದು ಬಂದ ಪ್ರಕಾರ, ಹೊಸ್ತಿಲು ದಾಟಿ ಕಟ್ಟೆಯ ಮೇಲೆ ಬಂದು ಕುಳಿತಿದ್ದವು. ಇಪ್ಪತ್ತೆರಡೂ ವಿದ್ಯಾರ್ಥಿಗಳು ಒಮ್ಮೆಲೇ ನಕ್ಕರು, ಕಾಸಿಂಸಾಬ ಅದೇ ಹೊತ್ತಿಗೆ ಗುಂಡಿ ಒತ್ತಿದ. ಫೋಟೋದಲ್ಲಿ ಎಲ್ಲರೂ ಚಂದ ನಗುತ್ತ ಬಂದರು. ಮಾಸ್ತರನೊಬ್ಬನೇ ಗಂಭೀರವಾಗಿ ಬಾಯಿ ತೆರೆದುಕೊಂಡು ಬಂದ.

ಆ ಫೋಟೋಕ್ಕೆ ಕಟ್ಟು ಹಾಕಿಸಿ ಪಡಸಾಲೆಯ ಗೋಡೆಗೆ ತೂಗುಹಾಕಿದ ದಿನದಿಂದ ಗುರಲಿಂಗಪ್ಪನಿಗೆ ಊಟ ರುಚಿಸಲಿಲ್ಲ. ಮರುವಾರ ಮುಂಜಾನೆಯ ಬಸ್ಸು ಹಿಡಿದು ಬಿಜಾಪುರಕ್ಕೆ ಹೋದ. ಹಲ್ಲಿನ ಡಾಕ್ಟರ್ ಮಂಜರಿ ಎಂಬವರ ಮುಂದೆ ಬಾಯಿ ತೆರೆದ. ಈ ಸಲ ತಾನಾಗಿಯೇ ತೆರೆದ. ಮೂರು ಸಲ ಹೋಗಿ ಬರುವುದರೊಳಗೆ ಮೇಲಿನ ಸಾಲು ಕೆಳಗಿನ ಸಾಲು ಎರಡಕ್ಕೂ ಉಕ್ಕಿನ ತಂತಿ ಬಿದ್ದಿತು.

ಊರು ಸುಮ್ಮನೆ ಇರುತ್ತದೆಯೇ. ಕಿರಾಣಿ ಅಂಗಡಿಯವ, “ಎತ್ತಿಗಿ ಮೂಗುದಾಣ ಕಂಡಿದ್ದೆ, ಮಾಸ್ತರಗ ಹಲ್ಲುದಾಣ ಇವತ್ತ ಕಂಡೆ,” ಎಂದ. ಸಂತೆಯಲ್ಲಿ ಮೋರಟಗಿಯ ರೈತನೊಬ್ಬ ಹತ್ತಿರ ಬಂದು ಬಗ್ಗಿ ನೋಡಿ, “ಯಾರ ಹೊಲದ ಬೇಲಿರಿ ಇದು?” ಎಂದು ಕೇಳಿ ಹೋದ. ಗುರಲಿಂಗಪ್ಪ ಎಲ್ಲರಿಗೂ ಒಂದೇ ಉತ್ತರ ತಯಾರು ಮಾಡಿಟ್ಟುಕೊಂಡಿದ್ದ. “ಆರೋಗ್ಯದ ಸಲುವಾಗ್ರಿ. ಉಂಡದ್ದು ಪಚನ ಆಗಬೇಕಂದ್ರ ಹಲ್ಲು ಸಾಲಿನ್ಯಾಗ ಇರಬೇಕಂತ.” ಫೋಟೋದ ಸುದ್ದಿ ಎತ್ತಲಿಲ್ಲ. ಎತ್ತಿದರೆ ಮರ್ಯಾದೆ ಏನು ಉಳಿಯಿತು?

ಬಾಜೂ ಮನೆಯ ಬಸಂತರಾಯರು ಮಾತ್ರ ನಗಲಿಲ್ಲ. ಅವರು ನಿವೃತ್ತ ಹೆಡ್ ಕ್ಲಾರ್ಕು. ಪೇಪರಿನಲ್ಲಿ ಬರುವ ಆರೋಗ್ಯದ ಅಂಕಣಗಳನ್ನು ಕತ್ತರಿಸಿ ನೋಟಬುಕ್ಕಿಗೆ ಅಂಟಿಸುವುದು, ಪಂಚಾಂಗ ನೋಡುವುದು, ಈ ಎರಡರಲ್ಲಿ ಅವರ ದಿವಸ ಹೋಗುತ್ತಿತ್ತು. ಒಂದು ಮುಂಜಾನೆ ನೋಟಬುಕ್ಕು ಹಿಡಿದುಕೊಂಡು ಕಂಪೌಂಡಿನ ಗೋಡೆಯ ಬಳಿ ಬಂದರು.

“ಗುರಲಿಂಗಪ್ಪನವರ, ನೀವು ತಪ್ಪು ಮಾಡಿದ್ರಿ. ಹಲ್ಲಿಗೆ ತಂತಿ ಹಾಕಿಸಿದ್ರ ಅದು ಸೀದಾ ದವಡಿ ಕೀಲಿಗೆ ಹೋಗ್ತದ. ಕಿವಿ ಮುಂದ ಕೀಲು ಅದ ಅಲ್ಲ, ಅದು ಸಡ್ಲಾಗಿ ಸಪ್ಪಳಾ ಮಾಡ್ತದ. ಇಲ್ಲೆ ಬರದಾರ ನೋಡ್ರಿ.”

“ಯಾರು ಬರದಾರ್ರಿ?”

“ಹೆಸರು ಹರದು ಹೋಗ್ಯದ. ಆದ್ರ ಶಾಣ್ಯಾ ಮನಷ್ಯಾ ಇರಬೇಕು.”

ಈ ಮಾತು ಭಾಂಡೆ ತೊಳೆಯುತ್ತಿದ್ದ ಹೆಂಡತಿ ರಾಜೇಶ್ವರಿಯ ಕಿವಿಗೂ ಬಿತ್ತು. ಮೊದಲಿನಿಂದಲೂ ಅವಳಿಗೆ ಈ ತಂತಿಯ ವ್ಯವಹಾರ ಸೇರಿರಲಿಲ್ಲ. “ದವಡಿ ಹೋದ ದಿನಾ ನನ್ನ ಮುಂದ ಬಂದು ಯವ್ವಾ ಯಪ್ಪಾ ಅನಬ್ಯಾಡ್ರಿ,” ಎಂದಳು. “ಇವತ್ತ ಹೇಳಿಟ್ಟೇನಿ.”

ಗುರಲಿಂಗಪ್ಪನಿಗೆ ಸಿಟ್ಟು ಬಂತು. “ದವಡಿಗಿ ಏನರ ಆದ್ರ ನನ್ನ ಹೆಸರು ಗುರಲಿಂಗಪ್ಪ ಅಲ್ಲ,” ಎಂದು ಇಬ್ಬರಿಗೂ ಕೇಳುವ ಹಾಗೆ ಹೇಳಿದ.

ನಾಲ್ಕು ತಿಂಗಳು ದವಡೆಗೆ ಏನೂ ಆಗಲಿಲ್ಲ. ದಿನಾ ಮುಂಜಾನೆ ಬಸಂತರಾಯರು ಗೋಡೆಯ ಮೇಲಿಂದ, “ಸಪ್ಪಳಾ ಬಂತೇನು?” ಎಂದು ಕೇಳುವರು. “ಇಲ್ರಿ,” ಎನ್ನುವನು ಗುರಲಿಂಗಪ್ಪ. “ಬರ್ತದ, ಬರ್ತದ,” ಎಂದು ಸಮಾಧಾನ ಹೇಳಿ ಒಳಗೆ ಹೋಗುವರು.

ಐದನೆಯ ತಿಂಗಳು ಗೊಳಸಂಗಿಯಿಂದ ಅತ್ತೆ ಹೊನ್ನವ್ವ ಬಂದಳು. ಎಂಟು ದಿನ ಇದ್ದು ಹೋಗಲಿಕ್ಕೆ ಬಂದಿದ್ದಳು.

ಹೊನ್ನವ್ವನಿಗೆ ರಾಜೇಶ್ವರಿ ಒಬ್ಬಳೇ ಮಗಳು. ಗಂಡ ತೀರಿದ ಮೇಲೆ ಹನ್ನೆರಡು ಎಕರೆ ಹೊಲವನ್ನು ತಮ್ಮ ಚಂದಪ್ಪನ ಕೈಯಲ್ಲಿ ಮಾಡಿಸುತ್ತಿದ್ದಳು. ಗಟ್ಟಿ ಹೆಂಗಸು. ಆದರೆ ಹಳೆಯ ರಿವಾಜು ಬಿಟ್ಟವಳಲ್ಲ. ಅತ್ತೆಯಾದವಳು ಅಳಿಯನ ಎದುರು ನಿಲ್ಲಬಾರದು, ಮುಖ ಕೊಟ್ಟು ಮಾತಾಡಬಾರದು ಎಂಬುದನ್ನು ಹದಿನೇಳು ವರ್ಷ ಬಿಡದೆ ನಡೆಸಿಕೊಂಡು ಬಂದಿದ್ದಳು. ಅತ್ತೆ ಹೇಗಿದ್ದಾಳೆ ಎಂದು ಯಾರಾದರೂ ಕೇಳಿದರೆ ಗುರಲಿಂಗಪ್ಪ ಅವಳ ಹಿಮ್ಮಡಿಯನ್ನೂ ದನಿಯನ್ನೂ ವರ್ಣಿಸಬಹುದಿತ್ತು, ಅಷ್ಟೇ. ಅಡಿಗೆಮನೆಗೂ ಪಡಸಾಲೆಗೂ ನಡುವೆ ಒಂದು ಗೋಡೆ. ಆ ಕಡೆ ಗೋಡೆಗೆ ಬೆನ್ನು ಹಚ್ಚಿ, ಸೆರಗನ್ನು ಮೂಗಿನ ತನಕ ಎಳೆದುಕೊಂಡು ಅತ್ತೆ. ಈ ಕಡೆ ಅದೇ ಗೋಡೆಗೆ ಬೆನ್ನು ಹಚ್ಚಿ ಅಳಿಯ. ನಡುವಿನ ಬಾಗಿಲಲ್ಲಿ ರಾಜೇಶ್ವರಿ. ಅತ್ತೆ ಹೇಳಿದ್ದನ್ನು ಅವಳು ಗಂಡನಿಗೆ ಹೇಳಬೇಕು, ಗಂಡ ಹೇಳಿದ್ದನ್ನು ಅವ್ವನಿಗೆ ಹೇಳಬೇಕು. ಇಬ್ಬರ ಮಾತು ಇಬ್ಬರಿಗೂ ಮೊದಲೇ ಕೇಳಿಸಿರುತ್ತಿತ್ತು. ಆದರೂ ರಿವಾಜು ರಿವಾಜೇ.

ಬಂದ ದಿನವೇ ನಳದ ಹತ್ತಿರ ಹೊನ್ನವ್ವನಿಗೆ ತಂತಿಯ ಸುದ್ದಿ ಸಿಕ್ಕಿತು. ಸಂಜೆ ಚಹಾ ಆದ ಮೇಲೆ ಗೋಡೆಯ ಆಚೆಯಿಂದ ದನಿ ಬಂತು.

“ರಾಜವ್ವಾ, ಅಳಿಯಂದ್ರಿಗಿ ಕೇಳು. ನಲವತ್ತ ಆಗಾಕ ಬಂತು, ಈಗ ಯಾರಿಗಿ ತೋರ್ಸಾಕ ಈ ಸಿಂಗಾರ? ಕ್ಲಾಸಿಗಿ ಹೆಣ್ಣುಡಗ್ಯಾರು ಭಾಳ ಬರ್ತಾರಂತ. ಹಲ್ಲಿನ ಡಾಕ್ಟರೂ ಹೆಣ್ಣಂತ.”

“ರೀ, ಅವ್ವ ಕೇಳಾಕತ್ತಾಳ, ನಲವತ್ತ—”

“ಕೇಳಿಸೈತಿ,” ಎಂದ ಗುರಲಿಂಗಪ್ಪ.

ಮೈಯೆಲ್ಲ ಉರಿದು ಹೋಯಿತು. ಬೇರೆ ಯಾರಾದರೂ ಅಂದಿದ್ದರೆ ಒಂದಕ್ಕೆ ನಾಲ್ಕು ಅನ್ನಬಹುದಿತ್ತು. ಅತ್ತೆಗೆ ಅನ್ನುವಂತಿಲ್ಲ. ಹೊರಗೆ ಬರಲು ದಾರಿ ಸಿಗದ ಸಿಟ್ಟೆಲ್ಲ ದವಡೆಗೆ ಇಳಿದು, ಮೇಲಿನ ತಂತಿಯೂ ಕೆಳಗಿನ ತಂತಿಯೂ ಕಚ್ಚಿಕೊಂಡವು. ಆಮೇಲೆ ಬಾಯಿ ಬಿಡಿಸಿಕೊಂಡು ಹೇಳಿದ. “ಅವರಿಗಿ ಹೇಳು, ಯಾರಿಗೂ ತೋರ್ಸಾಕ ಅಲ್ಲ. ಆರೋಗ್ಯದ ಸಲುವಾಗಿ.”

ಹೇಳಿ ಬಾಯಿ ಮುಚ್ಚಿದ. ಬಲಗಿವಿಯ ಮುಂದೆ ಏನೋ ಜಾರಿದಂತಾಗಿ ಸಪ್ಪಳ ಬಂತು.

ಲೊಟಕ್.

ಗೋಡೆಯ ಆಚೆ ಹೊನ್ನವ್ವ ಬೆರಳ ಗೆಣ್ಣಿನಿಂದ ನೆಲವನ್ನು ಮೂರು ಸಲ ಬಡಿದಳು. “ಖರೆ, ಖರೆ, ಖರೆ. ಹಲ್ಲಿ ನುಡೀತು. ರಾಜವ್ವಾ, ನಿನ್ನ ಗಂಡ ಬಂಗಾರದಂಥಾ ಮನಷ್ಯಾ.”

ಇದು ತಿಳಿಯದವರಿಗೆ ಒಂದು ಮಾತು ಹೇಳಬೇಕು. ನಮ್ಮ ಕಡೆ ಒಬ್ಬರು ಮಾತು ಮುಗಿಸುವ ಹೊತ್ತಿಗೆ ಸರಿಯಾಗಿ ಗೋಡೆಯ ಮೇಲಿನ ಹಲ್ಲಿ ಲೊಚಗುಟ್ಟಿದರೆ ಆ ಮಾತು ಖರೆ. ಅದರ ಮೇಲೆ ಅಪೀಲಿಲ್ಲ. ತಾಲೂಕು ಕೋರ್ಟಿನಲ್ಲಿ ಗೆದ್ದವರು ಧಾರವಾಡದ ತನಕ ಹೋಗಿ ಸೋತದ್ದುಂಟು, ಹಲ್ಲಿಯ ಮುಂದೆ ಗೆದ್ದವನನ್ನು ಯಾರೂ ಸೋಲಿಸಿಲ್ಲ. ಗುರಲಿಂಗಪ್ಪನ ಪಡಸಾಲೆಯಲ್ಲೂ ಆ ಗ್ರೂಪ್ ಫೋಟೋದ ಹಿಂದೆ ಒಂದು ಹಲ್ಲಿ ವಾಸವಿತ್ತು. ಪಾಪ, ಅದು ಆ ಹೊತ್ತಿಗೆ ಒಂದು ನೊಣದ ಕಡೆ ಲಕ್ಷ್ಯ ಕೊಟ್ಟು ಸುಮ್ಮನೆ ಕುಳಿತಿತ್ತು.

‘ಅದು ಹಲ್ಲಿ ಅಲ್ರಿ, ನನ್ನ ದವಡಿ’ ಎಂದು ಗುರಲಿಂಗಪ್ಪ ಆಗಲೇ ಹೇಳಿಬಿಡಬೇಕಿತ್ತು. ಹೇಳಿದರೆ ಹೆಂಡತಿ ಏನು ಅನ್ನುತ್ತಾಳೆ ಎಂಬುದು ಗೊತ್ತಿತ್ತು. ಬಸಂತರಾಯರು ನೋಟಬುಕ್ಕು ಹಿಡಿದು ಓಣಿ ತುಂಬ ಓಡಾಡುತ್ತಾರೆ ಎಂಬುದೂ ಗೊತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಈಗಷ್ಟೇ ಸಿಕ್ಕ ಬಂಗಾರದಂಥ ಮನುಷ್ಯ ಎಂಬ ಸರ್ಟಿಫಿಕೇಟು ರದ್ದಾಗುತ್ತದೆ. ಅವನು ಸುಮ್ಮನಾದ. ಮುಂದಿನ ಅನಾಹುತವೆಲ್ಲ ಹೀಗೆ ಸುಮ್ಮನಾದದ್ದರಿಂದಲೇ ಆಯಿತು.

ಎಂಟನೆಯ ದಿನ ಹೊನ್ನವ್ವ ಚೀಲ ಕಟ್ಟಿದಳು. ಗುರಲಿಂಗಪ್ಪ ಬಸ್ಸಿನ ವೇಳೆಯನ್ನು ಎರಡೆರಡು ಸಲ ವಿಚಾರಿಸಿಕೊಂಡು ಬಂದು ಗೋಡೆಗೆ ಆತುಕೊಂಡು ಕುಳಿತ.

“ರಾಜವ್ವಾ, ಮೊಣಕಾಲ ಭಾಳ ನೋಯಾಕತ್ತಾವು. ಇನ್ನೊಂದ ಎಂಟ ದಿನಾ ಇದ್ದು ಹೋಗೂದು ಚಲೋ ಏನೋ.”

ಗುರಲಿಂಗಪ್ಪ ಹಲ್ಲು ಕಚ್ಚಿದ. ಬಿಟ್ಟ. ಲೊಟಕ್.

ನೆಲಕ್ಕೆ ಮೂರು ಪೆಟ್ಟು ಬಿದ್ದವು. ಚೀಲದ ಗಂಟು ಬಿಚ್ಚಿತು.

ಮತ್ತೆ ಮೂರು ದಿನ ಕಳೆದ ಮೇಲೆ, “ಅಡಿಗಿಮನ್ಯಾಗ ಹೊಗಿ ಭಾಳ. ಪಡಸಾಲ್ಯಾಗ ಗಾಳಿ ಚಲೋ ಐತಿ. ನಾ ಅಲ್ಲೇ ಮಲಗಿದ್ರ ಹೆಂಗ?” ಎಂಬ ಮಾತು ಬಂತು. ಪಡಸಾಲೆ ಎಂದರೆ ಇನ್‌ಸ್ಟಿಟ್ಯೂಟು. ಏಳು ಟೈಪ್‌ರೈಟರು, ಏಳು ಟೇಬಲ್ಲು, ಊರಿನ ಅರ್ಧ ಗುಮಾಸ್ತರ ಭವಿಷ್ಯ, ಎಲ್ಲ ಅಲ್ಲೇ ಇತ್ತು. ಗುರಲಿಂಗಪ್ಪ ‘ಆಗೂದಿಲ್ಲ’ ಎನ್ನಲು ಬಾಯಿ ತೆರೆದ. ಹೆಂಡತಿಯ ಮುಖ ನೋಡಿ ಮುಚ್ಚಿದ. ಲೊಟಕ್.

ಏಳೂ ಮಷಿನ್ನುಗಳು ಬೇವಿನ ಗಿಡದ ಕೆಳಗೆ ಬಂದವು. ಬೇವಿನ ಹಣ್ಣು ಕೀಲಿಗಳ ನಡುವೆ ಬಿದ್ದು, ‘ಅ’ ಒತ್ತಿದರೆ ‘ಕ್ಷ’ವೂ ಅದರ ಜೊತೆ ಎದ್ದು ಬರತೊಡಗಿತು. ಸ್ಪೀಡ್ ಟೆಸ್ಟಿನ ದಿನ ಶೈಲಶ್ರೀ ಎಂಬ ಹುಡುಗಿ ನಿಮಿಷಕ್ಕೆ ನಲವತ್ತೈದು ಶಬ್ದ ಹೊಡೆದು ಕಾಗದ ತೆಗೆದಿಟ್ಟಳು. ಆಡೊಂದು ಬಂದು ಅದಕ್ಕಿಂತ ಜೋರಾಗಿ ತಿಂದು ಹೋಯಿತು. “ಸರ್, ನಾ ಪಾಸೋ ಫೇಲೋ?” ಎಂದು ಅವಳು ಕೇಳಿದರೆ ಮಾಸ್ತರ ಏನು ಹೇಳಬೇಕು. ಒಬ್ಬೊಬ್ಬರೇ ವಿದ್ಯಾರ್ಥಿಗಳು, ಮಳೆಗಾಲ ಮುಗಿಯಲಿ, ಚಳಿಗಾಲ ಮುಗಿಯಲಿ, ಆಮೇಲೆ ಬರುತ್ತೇವೆ ಎಂದು ಹೋಗತೊಡಗಿದರು.

ಒಳಗೆ ಅತ್ತೆ ಪಡಸಾಲೆಗೆ ಬಂದಿದ್ದರಿಂದ ಅಳಿಯ ಅಡಿಗೆಮನೆಗೆ ಹೋದ. ಗೋಡೆ ಅದೇ, ಕಡೆ ಬದಲು. ಹೊನ್ನವ್ವನಿಗೆ ಇದರಲ್ಲೇ ಒಂದು ವಿಚಿತ್ರ ಕಂಡಿತು. ಅವಳು ಬಸಂತರಾಯರನ್ನು ಕರೆಸಿದಳು. “ರಾಯರ, ಮೊದಲ ನಾ ಅಡಿಗಿಮನ್ಯಾಗ ಇದ್ದಾಗ ಪಡಸಾಲಿ ಹಲ್ಲಿ ನುಡೀತಿತ್ತು. ಈಗ ನಾ ಇಲ್ಲಿ ಬಂದ ಮ್ಯಾಲ ಅಡಿಗಿಮನಿ ಹಲ್ಲಿ ನುಡ್ಯಾಕತ್ತೈತಿ. ಇದಕ್ಕೇನಂತೈತಿ ಶಾಸ್ತ್ರ?”

ಬಸಂತರಾಯರು ಪಂಚಾಂಗದ ಹಾಳೆಗಳನ್ನು ಎಂಜಲು ಹಚ್ಚಿ ತಿರುವಿದರು. ಅಡಿಗೆಮನೆಯಲ್ಲಿ ಗುರಲಿಂಗಪ್ಪ ಉಸಿರು ಹಿಡಿದು ಕುಳಿತಿದ್ದ. ದವಡೆಯ ಸಪ್ಪಳವನ್ನು ನಾಲ್ಕು ತಿಂಗಳು ದಿನಾ ಮುಂಜಾನೆ ಎದ್ದು ಕಾದವರು, ಅದರ ಸುದ್ದಿ ಬಂದು ಕಿವಿಯ ಮೇಲೆಯೇ ಬಿದ್ದಾಗ ಪಂಚಾಂಗ ನೋಡುತ್ತಿದ್ದರು.

“ಪೂರ್ವ ಬಿಟ್ಟು ಪಶ್ಚಿಮಕ್ಕ ಹೋಗ್ಯದ,” ಎಂದರು ಬಸಂತರಾಯರು. “ಹಲ್ಲಿ ದಿಕ್ಕು ಬದಲಿಸ್ತಂದ್ರ ಸ್ಥಳಾಂತರ ಯೋಗ. ಈ ಮನ್ಯಾಗಿನ ಮಂದಿ ಸ್ಥಳಾ ಬಿಡ್ತಾರ.”

ಹೊನ್ನವ್ವ ಬಹಳ ಹೊತ್ತು ವಿಚಾರ ಮಾಡಿದಳು. ಆಮೇಲೆ ಗೋಡೆಯ ಕಡೆ ತಿರುಗಿ ನಿಧಾನವಾಗಿ ಹೇಳಿದಳು. “ರಾಜವ್ವಾ, ನನಗ ಈಗ ತಿಳೀತು. ಮಷಿನ್ನು ಗಿಡದ ಬುಡಕ ಬಂದಾವು, ಹುಡಗ್ರು ಬಿಡಾಕತ್ತಾರ. ಈ ಟಕಟಕ ಮುಚ್ಚಿ ಎಲ್ಲಾರೂ ಗೊಳಸಂಗಿಗಿ ಬರ್ರಿ. ಹನ್ನೆರಡ ಎಕರೆ ಐತಿ. ಅಳಿಯಂದ್ರು ಮನಿ ಅಳಿಯ ಆಗಿ ನನ್ನ ಮನ್ಯಾಗ ಇರಲಿ.”

ಗೋಡೆಯ ಆಚೆ, ನಡುಬಿಸಿಲಿಗೆ ಹಂಚು ಸಿಡಿದಂತೆ, ಲೊಟಕ್.

“ಖರೆ, ಖರೆ, ಖರೆ. ಐತಾರ ಚಂದಪ್ಪಗ ಟ್ರ್ಯಾಕ್ಟರ್ ತಗೊಂಡು ಬಾ ಅಂತ ಫೋನ್ ಮಾಡಸು.”

ಮನಿ ಅಳಿಯನ ಬಾಳು ಎಂಥದೆಂದು ಗುರಲಿಂಗಪ್ಪನಿಗೆ ಗೊತ್ತಿತ್ತು. ಗೊಳಸಂಗಿಯಲ್ಲಿ ಆಗಲೇ ಒಬ್ಬ ಮನಿ ಅಳಿಯ ಇದ್ದ. ಇಪ್ಪತ್ತು ವರ್ಷದಿಂದ ಅವನನ್ನು ಎಲ್ಲರೂ ‘ಇಂದುಬಾಯಿ ಗಂಡ’ ಎಂದೇ ಕರೆಯುತ್ತಿದ್ದರು. ಅವನ ಹೆಸರು ಗುರಪ್ಪ ಎಂಬುದು ಊರಿಗೆ ತಿಳಿದದ್ದು ಮತದಾರರ ಪಟ್ಟಿಯಿಂದ. ಚಹಾ ಕುಡಿಯಬೇಕಾದರೂ ಅವನು ಎಮ್ಮೆಯ ಮುಖ ನೋಡಿ, ಮಾವನ ಮುಖ ನೋಡಿ, ಆಮೇಲೆ ಬಾಯಿ ತೆರೆಯುತ್ತಿದ್ದ. ಹತ್ತು ವರ್ಷ ಬೋರ್ಡು ಹಾಕಿಕೊಂಡು ಕುಳಿತ ಪ್ರಾಚಾರ್ಯ ನಾಳೆಯಿಂದ ರಾಜವ್ವನ ಗಂಡನಾಗುವುದೇ?

ಶುಕ್ರವಾರ ಅವನು ಬಿಜಾಪುರಕ್ಕೆ ಓಡಿದ.

ಡಾಕ್ಟರ್ ಮಂಜರಿ ಅವನ ಎರಡೂ ಕಿವಿಗಳ ಮುಂದೆ ಬೆರಳಿಟ್ಟು ಬಾಯಿ ತೆರೆಸಿದರು, ಮುಚ್ಚಿಸಿದರು. “ಹೌದು, ಕೀಲು ಸಪ್ಪಳಾ ಮಾಡ್ಲಿಕ್ಹತ್ತದ,” ಎಂದರು.

“ತಂತಿಯಿಂದನ ಅಲ್ರಿ ಮೇಡಂ? ಬಾಜೂ ಮನಿ ರಾಯರು ಹೇಳಿದ್ರು.”

“ಹಂಗ ಭಾಳ ಮಂದಿ ಹೇಳ್ತಾರ. ಆದ್ರ ತಂತಿಯಿಂದ ದವಡಿ ಕೀಲು ಕೆಡ್ತದ ಅಂತ ಸಿದ್ಧ ಆಗಿಲ್ಲ. ತಂತಿ ಹಾಕಿ ನಾಕು ತಿಂಗಳ ಮ್ಯಾಲಾತು. ಸಪ್ಪಳಾ ಯಾವಾಗಿಂದ?”

“ಮೂರು ವಾರಾತ್ರಿ. ಮಂಗಳವಾರ ಸಂಜಿಮುಂದ.”

“ಆ ಮಂಗಳವಾರ ಹೊಸಾದೇನಾತು?”

ಗುರಲಿಂಗಪ್ಪ ವಿಚಾರ ಮಾಡಿದ. “ಅತ್ತಿಯವರು ಬಂದ್ರು.”

ಡಾಕ್ಟರು ಪೆನ್ನು ಕೆಳಗಿಟ್ಟರು. “ಅವರು ಮಾತಾಡುವಾಗ ನೀವು ಹಲ್ಲು ಕಚ್ಚತೀರೇನು?”

“ಮತ್ತೇನು ಕಚ್ಚಲಿ ಹೇಳ್ರಿ.”

“ಕೇಳ್ರಿಲ್ಲೆ. ಎಲ್ಲಾರ ಕೀಲು ಒಂದ ಕಾರಣಕ್ಕ ಸಪ್ಪಳಾ ಮಾಡೂದಿಲ್ಲ. ನಿಮ್ದು ಮಾತ್ರ ಸಿಟ್ಟು ನುಂಗಿ ಹಲ್ಲು ಕಚ್ಚೂದರಿಂದ ಬಂದಂಗ ಕಾಣ್ತದ. ಕಡಕ್ ರೊಟ್ಟಿ, ಕಬ್ಬು, ಹುರದ ಶೇಂಗಾ ಬಂದ್. ತುಟಿ ಮುಚ್ಚಿರಲಿ, ಒಳಗ ಹಲ್ಲಿಗೆ ಹಲ್ಲು ತಾಗಬಾರದು. ಬಿಸಿನೀರಾಗ ಹಿಂಡಿದ ಅರಬಿಲೆ ಶಾಖಾ ಕೊಡ್ರಿ. ಮತ್ತ ಬಾಯಿ ಮಾತ್ರ ಭಾಳ ಅಗಲಾ ತೆಗೀಬ್ಯಾಡ್ರಿ. ಕೀಲು ಜಾರಿ ಅಲ್ಲೇ ನಿಂತ್ರ ಕಷ್ಟ ಅದ.”

ಬಸ್ಸಿನಲ್ಲಿ ಬರುತ್ತ ಗುರಲಿಂಗಪ್ಪ ಲೆಕ್ಕ ಹಾಕಿದ. ಅತ್ತೆ ಮಾತಾಡಿದರೆ ಸಿಟ್ಟು. ಸಿಟ್ಟು ಬಂದರೆ ಸಪ್ಪಳ. ಸಪ್ಪಳ ಬಂದರೆ ಅತ್ತೆ ಇರುತ್ತಾಳೆ. ಅತ್ತೆ ಇದ್ದರೆ ಮತ್ತೆ ಸಿಟ್ಟು. ಗಾಣದ ಎತ್ತಿಗಾದರೂ ಸಂಜೆಗೆ ನೊಗ ಬಿಚ್ಚುತ್ತಾರೆ, ತನಗೆ ಅದೂ ಇಲ್ಲ. ಉಳಿದ ದಾರಿ ಒಂದೇ. ಐತವಾರ ಏನೇ ಆಗಲಿ, ಸಿಟ್ಟಿಗೇಳಬಾರದು.

ಶನಿವಾರವಿಡೀ ಅವನು ಅಂಬಲಿ ಕುಡಿದು, ತುಟಿ ಮುಚ್ಚಿ, ಹಲ್ಲು ಬಿಡಿಸಿಕೊಂಡು, ಸಿಟ್ಟಿಲ್ಲದೆ ಇರುವುದನ್ನು ಅಭ್ಯಾಸ ಮಾಡಿದ. ಗೋಡೆಯ ಆಚೆಯಿಂದ, “ನನ್ನ ರೊಟ್ಟಿ ಬ್ಯಾಡಾದ್ವೇನ ಅಳಿಯಂದ್ರಿಗಿ?” ಎಂಬ ಮಾತು ಬಂದಾಗಲೂ ಆಲಮಟ್ಟಿಯ ತಣ್ಣನೆ ನೀರನ್ನು ನೆನೆಯುತ್ತ ಕುಳಿತ. ದವಡೆ ಸುಮ್ಮನಿತ್ತು.

ಐತವಾರ ಹತ್ತು ಗಂಟೆಗೆ ಚಂದಪ್ಪನ ಟ್ರ್ಯಾಕ್ಟರು ಟ್ರ್ಯಾಲಿಯ ಸಮೇತ ಬಂದು ಬೇವಿನ ಗಿಡದ ಕೆಳಗೆ ನಿಂತಿತು. ಬಸಂತರಾಯರು ಪಂಚಾಂಗ ಹಿಡಿದು ಪಡಸಾಲೆಯಲ್ಲಿ ಕುರ್ಚಿ ಹಾಕಿಕೊಂಡರು. ಹೊನ್ನವ್ವ ಸೆರಗೆಳೆದುಕೊಂಡು ಗೋಡೆಗೆ ಆತುಕೊಂಡಳು. ಗುರಲಿಂಗಪ್ಪ ಅಡಿಗೆಮನೆಯಲ್ಲಿ, ರಾಜೇಶ್ವರಿ ಬಾಗಿಲಲ್ಲಿ.

“ಅಕ್ಕಾ, ಮಷಿನ್ನು ಮೊದಲ ಏರಸಲ್ಯೋ, ಟೇಬಲ್ಲೋ?” ಎಂದ ಚಂದಪ್ಪ.

“ತಡಿ. ಕಡೀದು ಒಮ್ಮಿ ಕೇಳೂಣು,” ಎಂದಳು ಹೊನ್ನವ್ವ. ಕೈಮುಗಿದು ಗಟ್ಟಿಯಾಗಿ ಕೇಳಿದಳು. “ನಮ್ಮ ಅಳಿಯಂದ್ರು ಮನಿ ಅಳಿಯ ಆಗಿ ಗೊಳಸಂಗಿಗಿ ಬರೂದು ಖರೆ ಏನಪಾ?”

ಗುರಲಿಂಗಪ್ಪ ತುಟಿ ಮುಚ್ಚಿದ. ಹಲ್ಲು ಬಿಡಿಸಿಟ್ಟ. ಆಲಮಟ್ಟಿಯ ನೀರಿನಲ್ಲಿ ಕುತ್ತಿಗೆಯ ತನಕ ಇಳಿದ. ಒಂದು ನಿಮಿಷ ಹೋಯಿತು, ಎರಡು ಹೋದವು. ಫೋಟೋದ ಹಿಂದಿನ ಹಲ್ಲಿಯೂ ಹೊರಗೆ ಬಂದು, ಸೇರಿದ ಮಂದಿಯನ್ನು ನೋಡಿ, ತನಗ್ಯಾಕೆ ಎಂದು ಒಳಗೆ ಹೋಯಿತು.

“ನುಡೀಲಿಲ್ಲ,” ಎಂದ ಚಂದಪ್ಪ. ಏಳು ಕಬ್ಬಿಣದ ಮಷಿನ್ನು ಎತ್ತುವುದು ತಪ್ಪಿದ ಸಂತೋಷ ಅವನ ದನಿಯಲ್ಲಿತ್ತು.

“ಮೌನಂದ್ರ ನಿಷೇಧ,” ಎಂದು ಬಸಂತರಾಯರು ಪಂಚಾಂಗ ಮುಚ್ಚಿದರು. “ಯೋಗ ತಪ್ತು.”

ಹೊನ್ನವ್ವ ನಿಟ್ಟುಸಿರು ಬಿಟ್ಟಳು. “ಆತು ಬಿಡು. ದೇವರ ಇಚ್ಛಾ.”

ಇನ್‌ಸ್ಟಿಟ್ಯೂಟು ಉಳಿಯಿತು. ಪ್ರಾಚಾರ್ಯ ಪದವಿ ಉಳಿಯಿತು. ಜಾಣನಾದವನು ಅಲ್ಲಿಗೆ ಎದ್ದು ಕೈಕಾಲು ತೊಳೆದುಕೊಂಡು ಊಟಕ್ಕೆ ಕೂಡುತ್ತಿದ್ದ. ಆದರೆ ಸೋತಾಗ ಸುಮ್ಮನಿರುವ ಮನುಷ್ಯ ಗೆದ್ದಾಗ ಸುಮ್ಮನಿರಲಾರ. ಹೊರಗೆ ಟ್ರ್ಯಾಕ್ಟರು ಖಾಲಿ ನಿಂತಿದೆ. ಚೀಲ ಒಳಗಿದೆ. ಈ ಯೋಗ ಮತ್ತೆ ಬರುತ್ತದೆಯೇ?

“ರಾಜೇಶ್ವರಿ,” ಎಂದ ಗುರಲಿಂಗಪ್ಪ. “ಅವರಿಗಿ ಹೇಳು. ಇನ್ನೊಂದ ಪ್ರಶ್ನೆ ನಂದೂ ಐತಿ. ಅತ್ತಿಯವರು ಇವತ್ತ, ಇದ ಟ್ರ್ಯಾಕ್ಟರ್‌ನ್ಯಾಗ, ಊರಿಗಿ ಹೋಗೂದು ಚಲೋ ಹೌದೋ ಅಲ್ಲೋ?”

ಹೇಳಿ ದವಡೆ ಆಡಿಸಿದ. ಸಪ್ಪಳ ಬರಲಿಲ್ಲ. ಮೂರು ವಾರದಲ್ಲಿ ಮೊದಲ ಸಲ ಮನಸ್ಸಿಗೆ ಆನಂದವಾಗಿತ್ತು, ಎಲ್ಲ ಕೀಲೂ ಬೆಣ್ಣೆಯಂತೆ ಸರಿದಾಡಿತು. ಮತ್ತೆ ಆಡಿಸಿದ. ಎಡಕ್ಕೆ ಸರಿಸಿದ, ಬಲಕ್ಕೆ ಸರಿಸಿದ. ಸಿಟ್ಟು ತಂದುಕೊಳ್ಳಲು ಇಂದುಬಾಯಿ ಗಂಡನನ್ನು ನೆನೆದ. ಏನೂ ಇಲ್ಲ. ಗೋಡೆಯ ಆಚೆ ಎಲ್ಲರೂ ಕಾಯುತ್ತಿದ್ದರು. ಕಡೆಗೆ ಕಣ್ಣು ಮುಚ್ಚಿ, ಡಾಕ್ಟರು ಬೇಡ ಎಂದಷ್ಟು ಅಗಲ ಬಾಯಿ ತೆರೆದ.

ಬಾಯಿ ತೆರೆದಲ್ಲೇ ನಿಂತಿತು.

“ಬಾಯಿ ಮುಚ್ಚರಿ,” ಎಂದಳು ರಾಜೇಶ್ವರಿ.

“ಆ.”

“ಮುಚ್ಚರಿ ಅಂದ್ರ. ಮಂದಿ ಅದಾರ.”

“ಆ ಆ,” ಎಂದ ಗುರಲಿಂಗಪ್ಪ. ಕಣ್ಣಲ್ಲಿ ನೀರು ಬಂದಿತ್ತು.

ರಾಜೇಶ್ವರಿಯ ಕೈಯೊಳಗಿನ ತಂಬಿಗೆ ಕೆಳಗೆ ಬಿತ್ತು. “ಯವ್ವಾ, ಇವರ ದವಡಿ ಸಿಕ್ಕೊಂಡೈತಿ.”

ಬಸಂತರಾಯರು ಕುರ್ಚಿಯಿಂದ ಎದ್ದು ಓಡಿಬಂದರು. ನಿವೃತ್ತಿಯ ನಂತರ ಅವರ ಮುಖದ ಮೇಲೆ ಅಷ್ಟು ಕಳೆ ಯಾರೂ ಕಂಡಿರಲಿಲ್ಲ. “ಬಂತು. ಹೇಳಿದ್ನೋ ಇಲ್ಲೋ. ಕೀಲು ಅದ, ಕೀಲು. ಸ್ವಲ್ಪ ಹಂಗ ಇರ್ರಿ ಗುರಲಿಂಗಪ್ಪನವರ, ನೋಟಬುಕ್ ತರ್ತೀನಿ,” ಎಂದು ಮನೆಗೆ ಓಡಿದರು. ಗುರಲಿಂಗಪ್ಪ ಹಾಗೆಯೇ ಇದ್ದ. ಚಂದಪ್ಪ, “ಟ್ರ್ಯಾಲ್ಯಾಗ ಮಲಗ್ಸಿ ಬಿಜಾಪುರಕ್ಕ ಒಯ್ಯೂಣು. ಈ ರಸ್ತೇದ ತಗ್ಗಿಗಿ ದವಡಿ ತಾನ ಕೂಡತೈತಿ,” ಎಂದ.

“ಸರೀರಿ ಎಲ್ಲಾರೂ,” ಎಂದಿತು ಗೋಡೆಯ ಆಚೆಯ ದನಿ. “ಗೊಳಸಂಗ್ಯಾಗ ಆಕಳಿಸಿ ಬಾಯಿ ಸಿಕ್ಕೊಂಡಾರ್ನ ಮೂರ ಮಂದೀನ ಕೂಡ್ಸೇನಿ ನಾ.”

ಹೊನ್ನವ್ವ ಎದ್ದಳು. ಹೊಸ್ತಿಲ ಹತ್ತಿರ ಬಂದು ಒಂದು ಗಳಿಗೆ ನಿಂತಳು. ಆಮೇಲೆ ಮೂಗಿನ ಮೇಲಿನ ಸೆರಗನ್ನು ಹಿಂದಕ್ಕೆ ತಳ್ಳಿ, ಸೊಂಟಕ್ಕೆ ಸಿಗಿಸಿ, ಅಳಿಯನ ಎದುರು ಬಂದು ಕುಕ್ಕರುಗಾಲಲ್ಲಿ ಕುಳಿತಳು. ಹದಿನೇಳು ವರ್ಷದ ಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ಕಂಡರು. ಅತ್ತೆಯ ಕಣ್ಣು ಥೇಟ್ ರಾಜೇಶ್ವರಿಯ ಕಣ್ಣಿನಂತೆ ಇವೆಯಲ್ಲ ಎಂದು ಗುರಲಿಂಗಪ್ಪನಿಗೆ ಅನ್ನಿಸಿತು. ಅಳಿಯನ ಗಂಟಲು ಕಿರುನಾಲಿಗೆಯ ತನಕ ಹೊನ್ನವ್ವನಿಗೆ ಕಾಣಿಸಿತು.

ಅವಳು ಎರಡೂ ಹೆಬ್ಬೆರಳಿಗೆ ಬಟ್ಟೆ ಸುತ್ತಿ ಬಾಯೊಳಗೆ ಹಾಕಿದಳು. “ಏನ ಮುಳ್ಳತಂತಿ ಇದು,” ಎಂದು ಗೊಣಗಿದಳು. ಹಿಂದಿನ ದವಡೆಹಲ್ಲುಗಳ ಮೇಲೆ ಭಾರ ಬಿಟ್ಟು ಕೆಳಕ್ಕೆ ಒತ್ತಿದಳು, ಹಿಂದಕ್ಕೆ ತಳ್ಳಿದಳು.

ಲೊಟಕ್.

ಹೊನ್ನವ್ವನ ಬಲಗೈ ರೂಢಿಯಂತೆ ನೆಲ ಬಡಿಯಲು ಹೋಯಿತು. ಅರ್ಧ ದಾರಿಯಲ್ಲಿ ನಿಂತಿತು. ಅವಳು ಅಳಿಯನ ಬಾಯಿಯನ್ನು ನೋಡಿದಳು, ಗೋಡೆಯನ್ನು ನೋಡಿದಳು, ಮತ್ತೆ ಬಾಯಿಯನ್ನು ನೋಡಿದಳು.

“ರಾಜವ್ವಾ,” ಎಂದಳು. “ಹಲ್ಲಿ ಇಲ್ಲೈತಲ್ಲಬೇ.”

ಆಮೇಲೆ ಹೊನ್ನವ್ವ, ನಡುವೆ ಮಗಳನ್ನು ಇಟ್ಟುಕೊಳ್ಳದೆ, ಸೀದಾ ಅಳಿಯನನ್ನೇ ಕೇಳಿದಳು. “ಮೊದಲನೇ ದಿನಾ ನುಡದದ್ದೂ ಇದನ ಏನ್ರಿ?”

“ಹೂಂನ್ರಿ,” ಎಂದ ಗುರಲಿಂಗಪ್ಪ ದವಡೆ ಹಿಡಿದುಕೊಂಡು.

“ಹಂಗಾರ ಆರೋಗ್ಯದ ಸಲುವಾಗಿ ಅಂದದ್ದು?”

ಅವಳ ಎಂಜಲು ಬೆರಳು ನೋಡಿದ ಮೇಲೆ ಸುಳ್ಳು ಹೇಳಲು ಅವನಿಗೆ ಮನಸ್ಸಾಗಲಿಲ್ಲ. “ಸುಳ್ಳರಿ. ಗೋಡಿ ಮ್ಯಾಲಿನ ಫೋಟೋ ನೋಡ್ರಿ. ಬಾಯಿ ಮುಚ್ಚೇನಿ ಅಂದ್ರೂ ಮುಚ್ಚಿಲ್ರಿ. ಹುಡಗ್ರೆಲ್ಲಾ ನಕ್ರು.” ಹೇಳುವಾಗ ನಾಚಿಕೆಯಿಂದ ಕಿವಿ ಕೆಂಪಗಾದವು.

ಹೊನ್ನವ್ವ ಪಡಸಾಲೆಗೆ ಹೋಗಿ ಫೋಟೋಕ್ಕೆ ಮೂಗು ತಾಗುವಷ್ಟು ಹತ್ತಿರ ನಿಂತಳು. ಅವಳ ಬೆನ್ನು ಅಲುಗತೊಡಗಿತು. ಅಳುತ್ತಿದ್ದಾಳೆ ಎಂದು ಚಂದಪ್ಪ ಓಡಿಹೋದ. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ನಕ್ಕು ನಕ್ಕು ಗೋಡೆ ಹಿಡಿದುಕೊಂಡಳು.

ನಗು ಮುಗಿದ ಮೇಲೆ ಸೆರಗು ಸರಿ ಮಾಡಿಕೊಂಡು, “ಚಂದಪ್ಪಾ, ನನ್ನ ಚೀಲಾ ಏರಸು,” ಎಂದಳು. “ಕಡೀಕ ಕೇಳಿದ್ದೇನು? ನಾ ಇವತ್ತ ಹೋಗೂದು ಚಲೋ ಹೌದೋ ಅಲ್ಲೋ ಅಂತ. ನುಡಿ ಬಂತು. ಯಾರ ಬಾಯಾಗಿಂದ ಬಂದ್ರೇನು?”

ಗುರಲಿಂಗಪ್ಪ ಎದ್ದು ಹೊಸ್ತಿಲಿಗೆ ಬಂದ. “ಅತ್ತಿಯವ್ರ, ಹಂಗ ಹೋಗಬ್ಯಾಡ್ರಿ,” ಎಂದ. “ಇನ್ನೊಂದ ಎಂಟ ದಿನಾ ಇರ್ರಿ.”

ಹೊನ್ನವ್ವ ಕಿವಿಗೆ ಕೈ ಹಚ್ಚಿ ಸ್ವಲ್ಪ ಹೊತ್ತು ಕಾದಳು. ದವಡೆ ಸುಮ್ಮನಿತ್ತು.

“ಹಲ್ಲಿ ಹೂಂ ಅನವಲ್ದರಿ,” ಎಂದು ನಗುತ್ತ ಹೋಗಿ ಟ್ರ್ಯಾಲಿ ಹತ್ತಿದಳು.

ಸಂಜೆ ಮಷಿನ್ನುಗಳೆಲ್ಲ ಪಡಸಾಲೆಗೆ ವಾಪಸು ಬಂದ ಮೇಲೆ ಗುರಲಿಂಗಪ್ಪ ಹೆಂಡತಿಯನ್ನು ಕೇಳಿದ. “ನಿನಗ ಯಾವಾಗ ಗೊತ್ತಾತು?”

“ಮೊದಲನೇ ದಿನಾನ. ಹದಿನೇಳ ವರ್ಷಾತು ನಿಮ್ಮ ಸಪ್ಪಳಾ ಕೇಳಾಕತ್ತು. ಹಲ್ಲಿ ಸಪ್ಪಳ ಯಾವ್ದು, ಗಂಡನ ಸಪ್ಪಳ ಯಾವ್ದು ತಿಳ್ಯಾಂಗಿಲ್ಲೇನು?”

“ಮತ್ತ ಹೇಳಬಾರದಾಗಿತ್ತೇನ?”

“ಹೆಂಗ ಹೇಳ್ಲಿ? ದವಡಿಗಿ ಏನರ ಆದ್ರ ನಿಮ್ಮ ಹೆಸರು ಗುರಲಿಂಗಪ್ಪ ಅಲ್ಲ ಅಂದಿದ್ರಿ. ಈ ವಯಸ್ಸಿನ್ಯಾಗ ನಿಮಗ ಹೊಸಾ ಹೆಸರು ಎಲ್ಲಿಂದ ಹುಡಕಲಿ?”

ಎರಡು ತಿಂಗಳ ಮೇಲೆ ಗೊಳಸಂಗಿಯಿಂದ ಕಾಗದ ಬಂತು. ಅಷ್ಟರಲ್ಲಿ ಶೈಲಶ್ರೀ ಮತ್ತೆ ಪರೀಕ್ಷೆ ಬರೆದು ಪಾಸಾಗಿದ್ದಳು, ದವಡೆ ಪೂರ್ತಿ ಶಾಂತವಾಗಿತ್ತು, ಮುಂದಿನ ಹಲ್ಲುಗಳು ಕಟ್ಟೆಯಿಂದೆದ್ದು ಹೊಸ್ತಿಲ ತನಕ ಹಿಂದೆ ಸರಿದಿದ್ದವು. ಗುರಲಿಂಗಪ್ಪ ಗೋಡೆಗೆ ಆತುಕೊಂಡು ಚಹಾ ಕುಡಿಯುತ್ತಿದ್ದ. ರಾಜೇಶ್ವರಿ ಎದುರಿಗೆ ಕುಳಿತು ಚಂದಪ್ಪನ ಅಕ್ಷರವನ್ನು ಕಷ್ಟಪಟ್ಟು ಓದಿದಳು. “ಎಳ್ಳ ಅಮಾಸಿ ಮುಗಿಸಿ ಅವ್ವ ಬರ್ತಾಳಂತ. ಈ ಸಲ ಒಂದ ತಿಂಗಳಾ ಇರ್ತಾಳಂತ.”

ಲೊಟಕ್.

“ಬಾಯಿ ಮುಚ್ಚರಿ,” ಎಂದಳು ರಾಜೇಶ್ವರಿ, ಕಾಗದದಿಂದ ತಲೆ ಎತ್ತದೆ.

“ಮುಚ್ಚೇನಲ್ಲ,” ಎಂದ ಗುರಲಿಂಗಪ್ಪ.

ಅವಳು ತಲೆ ಎತ್ತಿದಳು. ಬಾಯಿ ನಿಜಕ್ಕೂ ಮುಚ್ಚಿತ್ತು. ಇಬ್ಬರೂ ನಿಧಾನವಾಗಿ ಗೋಡೆಯ ಕಡೆ ನೋಡಿದರು. ಗ್ರೂಪ್ ಫೋಟೋದ ಕಟ್ಟಿನ ಹಿಂದೆ ಒಂದು ಬಾಲ ಒಳಗೆ ಹೋಗುತ್ತಿತ್ತು.